ಭದ್ರಾವತಿ: ಹಳೆಯ ಫೋಟೊ, ಬಿಲ್ಲೆ, ಸಂಬಳದ ಚೀಟಿಗಳಲ್ಲಿ ಒಂದು ಕಾರ್ಖಾನೆ ಊರು

ಶಿವಮೊಗ್ಗ ಜಿಲ್ಲೆಯ ಭದ್ರಾವತಿ ಭದ್ರಾ ನದಿಯ ಎರಡೂ ದಂಡೆಗಳ ಮೇಲೆ ಹರಡಿಕೊಂಡಿರುವ ಊರು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಇಲ್ಲಿಗೆ ಬಂದದ್ದು ನೀರು, ಕಾಡು, ಅದಿರು ಹತ್ತಿರದಲ್ಲಿದ್ದುದರಿಂದ. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾಗಿವೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿತ್ತು. ಅಲ್ಲಿಂದ ಮುಂದೆ ಅದರ ಬದುಕು ಹಗ್ಗಜಗ್ಗಾಟದಲ್ಲೇ ಸಾಗಿದೆ. ಇಂಥ ಹೊತ್ತಿನಲ್ಲಿ ಊರಿನ ಚರಿತ್ರೆ ಎಲ್ಲಿದೆ ಎಂದು ಹುಡುಕಿದರೆ ಎರಡು ಕಡೆ ಸಿಗುತ್ತದೆ. ಒಂದು, ಸರ್ಕಾರಿ ವರದಿ, ಆಲ್ಬಮ್‌ಗಳಲ್ಲಿರುವ ಚಿತ್ರಗಳು. ಇನ್ನೊಂದು, ಕ್ವಾರ್ಟರ್ಸ್ ಬಿಟ್ಟು ಹೊರಟವರು ಟ್ರಂಕಿನ ತಳದಲ್ಲಿ ಇಟ್ಟುಕೊಂಡು ಹೋದ ಸಾಮಾನು. ಮೊದಲನೆಯದು ಉದ್ಘಾಟನೆಗಳನ್ನು ಹೇಳುತ್ತದೆ. ಉದ್ಘಾಟನೆಗೂ ಬೀಗಮುದ್ರೆಗೂ ನಡುವಿನ ದೀರ್ಘ ಕಾಲ ಎರಡನೆಯದರಲ್ಲಿದೆ.

ಬೆಂಕಿಪುರ ಎಂಬ ಹೆಸರಿದ್ದಾಗ

ಕಾರ್ಖಾನೆ ಬರುವ ಮುನ್ನ ಇದು ಬೆಂಕಿಪುರ. ಹಳೆಯ ದಾಖಲೆಯಲ್ಲಿ ಆ ಹೆಸರು ಕಂಡರೆ ಅದು ಕುಲುಮೆ ಹೊತ್ತುವುದಕ್ಕೂ ಹಿಂದಿನದು ಎಂದು ಅಂದಾಜು ಮಾಡಬಹುದು. ಆಗಿನ ಊರೆಂದರೆ ಈಗಿನ ಹಳೇನಗರ. ಅದರ ನಡುವೆ ಹೊಯ್ಸಳರ ಕಾಲದ, ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರು ಗರ್ಭಗುಡಿಗಳ ತ್ರಿಕೂಟ. ಪುರಾತತ್ವದವರು ಹಳೆಯ ಗುಡಿಗಳ ಚಿತ್ರ ತೆಗೆದುಕೊಳ್ಳುತ್ತಿದ್ದರೇ ಹೊರತು ಅವುಗಳ ಸುತ್ತಲಿನ ಬೀದಿಯ ಕಡೆ ಕ್ಯಾಮೆರಾ ತಿರುಗಿಸುತ್ತಿದ್ದುದು ಕಡಿಮೆ. ಹಾಗಾಗಿ ಗುಡಿಯ ಚಿತ್ರ ಸಿಕ್ಕಿದರೆ ಅದರ ಅಂಚುಗಳನ್ನು ನೋಡಬೇಕು. ಮೂಲೆಯಲ್ಲಿ ತಪ್ಪಿ ಬಿದ್ದ ಒಂದು ಹೆಂಚಿನ ಮಾಡು, ಒಂದು ಎತ್ತಿನ ಗಾಡಿ ಗುಡಿಯಷ್ಟೇ ಬೆಲೆಯುಳ್ಳ ಸಾಕ್ಷಿ.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂದದ್ದು 1899ರಲ್ಲಿ. ಈ ಹಳಿ ಇಲ್ಲದಿದ್ದರೆ ಇಪ್ಪತ್ತು ವರ್ಷದ ನಂತರ ಇಲ್ಲೊಂದು ಕಾರ್ಖಾನೆ ಕಟ್ಟುವ ಮಾತೇ ಹುಟ್ಟುತ್ತಿರಲಿಲ್ಲ. ಬಾಯ್ಲರು, ಕೊಳವೆ, ಕುಲುಮೆಯ ತಗಡು ಇವೆಲ್ಲ ಇಳಿದದ್ದು ರೈಲಿನಿಂದಲೇ.

ಸರ್ಕಾರದ ಕ್ಯಾಮೆರಾ ಕಂಡದ್ದು

ಮೈಸೂರು ಸರ್ಕಾರ 1918ರಲ್ಲಿ ಕಾರ್ಖಾನೆಯ ಕೆಲಸಕ್ಕೆ ಕೈ ಹಾಕಿತು. ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದೂ ಅದೇ ವರ್ಷದ ಕೊನೆಗೆ. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಅವರ ಸಂಸ್ಥೆ ಸಲಹೆ ಕೊಟ್ಟಿತು. ಟಾಟಾ ಕಾರ್ಖಾನೆಗೆ ನೆಲೆ ಹುಡುಕಿಕೊಟ್ಟವರಲ್ಲೂ ಪೆರಿನ್ ಒಬ್ಬರು. ಊದುಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಮಹಾಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಕುಸಿದಿದ್ದ ಕಾಲ ಅದು. ಕಾರ್ಖಾನೆ ನಷ್ಟದಲ್ಲೇ ಕಣ್ಣು ಬಿಟ್ಟಿತು. ಆಗ ಸರ್ಕಾರ ಮತ್ತೆ ವಿಶ್ವೇಶ್ವರಯ್ಯನವರನ್ನು ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. 1929ರವರೆಗೆ ಅವರು ಆ ಸ್ಥಾನದಲ್ಲಿದ್ದರು. ಆ ದುಡಿಮೆಗೆ ಬರಬೇಕಿದ್ದ ಹಣವನ್ನು ತಾವು ಮುಟ್ಟದೆ, ಕಸುಬು ಕಲಿಸುವ ಶಾಲೆಗೆ ಬಳಸಬೇಕೆಂದು ಹೇಳಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹೀಗೆ. ನಮ್ಮ ಕಡೆ ಎಸ್‌ಜೆ ಪಾಲಿಟೆಕ್ನಿಕ್ ಎಂದರೇ ಎಲ್ಲರಿಗೂ ತಿಳಿಯುವುದು.

ಈ ಕಾಲದ ಸರ್ಕಾರಿ ಫೋಟೊಗಳಲ್ಲಿ ಯಂತ್ರವೇ ನಾಯಕ. ಕುಲುಮೆ, ಅದರ ಬಗಲಿನ ಗಾಳಿ ಕಾಯಿಸುವ ಒಲೆಗಳು, ಚಿಮಣಿ, ಎರಕದ ಅಂಗಳ. ಮನುಷ್ಯರಿದ್ದರೂ ಯಂತ್ರ ಎಷ್ಟು ದೊಡ್ಡದೆಂದು ತೋರಿಸಲು ನಿಲ್ಲಿಸಿದಂತಿರುತ್ತಾರೆ. ಅಡಿಬರಹದಲ್ಲಿ ಅವರ ಹೆಸರಿರುವುದಿಲ್ಲ. ಜೊತೆಗೆ ಗಣ್ಯರ ಭೇಟಿ. ಗಾಂಧೀಜಿ 1927ರ ಆಗಸ್ಟ್‌ನಲ್ಲಿ, ಮೈಸೂರು ಸಂಸ್ಥಾನದ ಪ್ರವಾಸದ ನಡುವೆ ಭದ್ರಾವತಿಗೆ ಬಂದಿದ್ದರು. ಚರಕದ ಗಾಂಧಿ, ಕುಲುಮೆಯ ವಿಶ್ವೇಶ್ವರಯ್ಯ ಎಂದು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಭಾಷಣ ಮಾಡುವುದು ನಮಗೆ ರೂಢಿ. ಆದರೆ ಗಾಂಧೀಜಿ ಆ ಕಾರ್ಖಾನೆಗೆ ಹೋಗಿ ನೋಡಿದರು ಎನ್ನುವುದನ್ನೂ ಆ ರೂಢಿಯ ಪಕ್ಕದಲ್ಲೇ ಇಡಬೇಕಾಗುತ್ತದೆ.

ಕಾಡು ಕುಲುಮೆಗೆ ಬಂದ ಬಗೆ

ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲ. ಅದಿರನ್ನು ಕರಗಿಸಲು ಮರದ ಇದ್ದಿಲೇ ಗತಿ. ಅದಕ್ಕೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ‘ವುಡ್ ಡಿಸ್ಟಿಲೇಷನ್’ ಎಂಬುದು ಕಬ್ಬಿಣಕ್ಕಿಂತ ಮುಂದಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಾಡಿನಲ್ಲಿ ಗುಂಡಿ ತೋಡಿ, ಮಣ್ಣು ಮುಚ್ಚಿ ಇದ್ದಿಲು ಸುಟ್ಟರೆ ಹೊಗೆ ಗಾಳಿಗೆ ಹೋಗುತ್ತದೆ. ಇಲ್ಲಿ ಮರದ ತುಂಡುಗಳನ್ನು ಮುಚ್ಚಿದ ಕಬ್ಬಿಣದ ಕೋಣೆಗಳಲ್ಲಿ ಕಾಯಿಸಿ, ಹೊಗೆಯನ್ನು ತಣಿಸಿ ಅದರಿಂದಲೂ ಸರಕು ತೆಗೆದರು. ಮರದ ಸ್ಪಿರಿಟ್ಟು, ಡಾಂಬರು, ಕ್ಯಾಲ್ಸಿಯಂ ಅಸಿಟೇಟ್. ಕಬ್ಬಿಣದ ನಷ್ಟವನ್ನು ಹೊಗೆಯಿಂದ ತುಂಬುವ ಲೆಕ್ಕ. ಕಾಗದದ ಮೇಲೆ ಜಾಣ ಲೆಕ್ಕವೇ. ಇಪ್ಪತ್ತರ ದಶಕದಲ್ಲಿ ರಾಸಾಯನಿಕ ಕಾರ್ಖಾನೆಗಳು ಅದೇ ಸರಕನ್ನು ಅಗ್ಗವಾಗಿ ತಯಾರಿಸಲು ಕಲಿತದ್ದರಿಂದ ಅದು ಹೆಚ್ಚು ಕಾಲ ನಿಲ್ಲಲಿಲ್ಲ.

ಅದಿರು ಬರುತ್ತಿದ್ದದ್ದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿಂದ ತಣಿಗೆಬೈಲಿಗೆ ಹಗ್ಗದ ಹಾದಿಯಲ್ಲಿ ತೂಗುವ ತೊಟ್ಟಿಗಳು ಇಳಿಯುತ್ತಿದ್ದವು; ಅಲ್ಲಿಂದ ಪುಟ್ಟ ಹಳಿಯ ಟ್ರಾಮುಗಾಡಿ ಕಾರ್ಖಾನೆಗೆ ಎಳೆದು ತರುತ್ತಿತ್ತು. ಸುಣ್ಣಕಲ್ಲು ಭಂಡಿಗುಡ್ಡದಿಂದ ಬರುತ್ತಿತ್ತು. ಕಾಡಿನ ಒಳಗೂ ಟ್ರಾಮು ಹಳಿಗಳು ಚಾಚಿಕೊಂಡಿದ್ದವು. ಒಂದು ಕೂಪಿನ ಮರ ಮುಗಿದರೆ ಹಳಿ ಕಿತ್ತು ಇನ್ನೊಂದು ಕಡೆ ಹಾಸುವುದು. ಈಗ ಪ್ರವಾಸಿಗರು ಕೆಮ್ಮಣ್ಣುಗುಂಡಿಯ ಹೂದೋಟದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಬೆಟ್ಟದ ಹಳೆಯ ಚಿತ್ರಗಳಲ್ಲಿ ಕಾಣಿಸುವುದು ಅಗೆದ ಕೆಂಪು ಮೆಟ್ಟಿಲು, ಉಕ್ಕಿನ ಕಂಬ, ಕಂಬದಿಂದ ಕಂಬಕ್ಕೆ ಸಾಲಾಗಿ ನೇತಾಡುವ ತೊಟ್ಟಿ. ಭದ್ರಾವತಿಯ ಫೋಟೊ ಸಂಗ್ರಹಿಸುವವರು ಊರಿನ ಎಲ್ಲೆಯಲ್ಲಿ ನಿಂತುಬಿಟ್ಟರೆ ಅರ್ಧ ಚರಿತ್ರೆ ತಪ್ಪಿಹೋಗುತ್ತದೆ. ತರೀಕೆರೆ, ಲಕ್ಕವಳ್ಳಿ, ನರಸಿಂಹರಾಜಪುರದ ಮನೆಗಳ ಆಲ್ಬಮ್‌ಗಳೂ ಇದೇ ಕಾರ್ಖಾನೆಗೆ ಸೇರಿದವು.

ಇದ್ದಿಲಿನ ಯುಗಕ್ಕೆ ಬೆನ್ನು ತಿರುಗಿಸಿದ್ದು ಜೋಗದ ವಿದ್ಯುತ್ತು. ಶರಾವತಿಯ ಕರೆಂಟು ಬಂದ ಮೇಲೆ, 1952ರಲ್ಲಿ, ನಾರ್ವೆ ದೇಶದ ತಂತ್ರದ ಟಿಸ್‌ಲ್ಯಾಂಡ್–ಹೋಲ್ ವಿದ್ಯುತ್ ಕುಲುಮೆಗಳು ಶುರುವಾದವು. ಫೋಟೊದಲ್ಲಿ ಕುಲುಮೆಯ ಪಕ್ಕದಲ್ಲಿ ದಪ್ಪ ವಿದ್ಯುತ್ ಕಡ್ಡಿಗಳು, ಟ್ರಾನ್ಸ್‌ಫಾರ್ಮರು ಕಂಡರೆ ಅದು ಐವತ್ತರ ದಶಕದ್ದು ಅಥವಾ ಆಮೇಲಿನದು.

ಹೆಸರು ನೋಡಿ ಕಾಲ ಹೇಳುವುದು

ತಾರೀಖಿಲ್ಲದ ಕಾಗದವೇ ಹೆಚ್ಚು. ಆದರೆ ಭದ್ರಾವತಿಯ ಮಟ್ಟಿಗೆ ಒಂದು ಅನುಕೂಲವಿದೆ: ಕಾರ್ಖಾನೆ ಹೆಸರು ಬದಲಿಸುತ್ತಲೇ ಬಂದಿದೆ. ವುಡ್ ಡಿಸ್ಟಿಲೇಷನ್ ಎಂದಿದ್ದರೆ ಆರಂಭದ ವರ್ಷಗಳು. ಬರೀ ಮೈಸೂರು ಐರನ್ ವರ್ಕ್ಸ್ ಎಂದಿದ್ದರೆ ಇಪ್ಪತ್ತರ ಮತ್ತು ಮೂವತ್ತರ ದಶಕ. ಉಕ್ಕಿನ ವಿಭಾಗ 1936ರ ಸುಮಾರಿಗೆ ಸೇರಿದ ಮೇಲೆ ‘ಐರನ್ ಅಂಡ್ ಸ್ಟೀಲ್ ವರ್ಕ್ಸ್’. ಸರ್ಕಾರಿ ಇಲಾಖೆಯ ಹಾಗೆ ನಡೆಯುತ್ತಿದ್ದದ್ದು 1962ರಲ್ಲಿ ಕಂಪನಿಯಾಗಿ, ಹೆಸರಿನ ಬಾಲಕ್ಕೆ ‘ಲಿಮಿಟೆಡ್’ ಅಂಟಿತು. ಎಪ್ಪತ್ತರ ದಶಕದ ನಡುವೆ ಮೈಸೂರು ಹೋಗಿ ವಿಶ್ವೇಶ್ವರಯ್ಯ ಬಂತು: ವಿಐಎಸ್‌ಎಲ್. ಉಕ್ಕು ಪ್ರಾಧಿಕಾರ ಅಂದರೆ ಸೈಲ್ 1989ರಲ್ಲಿ ಕೈಗೆ ತೆಗೆದುಕೊಂಡು, 1998ರಲ್ಲಿ ತನ್ನೊಳಗೆ ವಿಲೀನ ಮಾಡಿಕೊಂಡಿತು. ಊರಿನವರ ಬಾಯಲ್ಲಿ ಇಷ್ಟೆಲ್ಲ ಬದಲಾವಣೆಗೂ ಒಂದೇ ಹೆಸರು, ಐರನ್ ಫ್ಯಾಕ್ಟರಿ. ಹಾಗಾಗಿ ಹಿರಿಯರ ನೆನಪನ್ನು ದಾಖಲಿಸುವಾಗ ‘ಆಗ ಕಾರ್ಖಾನೆಗೆ ಏನು ಹೆಸರಿತ್ತು’ ಎಂದು ಕೇಳಿ ಪ್ರಯೋಜನವಿಲ್ಲ. ಕಾಗದವನ್ನೇ ನೋಡಬೇಕು.

ಇನ್ನೂ ಕೆಲವು ಗುರುತುಗಳಿವೆ. ಸಂಬಳದ ಚೀಟಿಯಲ್ಲಿ ಆಣೆ–ಪೈ ಕಾಣಿಸಿದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗೆ ಹಿಂದಿನದು. ಸೊಸೈಟಿಯ ಪುಸ್ತಕದಲ್ಲಿ ಅಕ್ಕಿಯನ್ನು ಸೇರಿನಲ್ಲಿ ಬರೆದಿದ್ದರೆ ಅರವತ್ತರ ದಶಕದ ಆರಂಭಕ್ಕಿಂತ ಮೊದಲಿನದಿರಬಹುದು. ‘ಇರಬಹುದು’ ಎನ್ನುವುದು ಇಲ್ಲಿ ಮುಖ್ಯ. ಕಿಲೋ ಬಂದ ಮೇಲೂ ಸೇರು ಅಂಗಡಿಯ ಬಾಯಿಂದ ಸುಲಭವಾಗಿ ಹೋಗಲಿಲ್ಲ. ವಿಳಾಸದಲ್ಲಿ 577301 ಎಂಬ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ರಾಜ್ಯದ ಹೆಸರು ಮೈಸೂರೋ ಕರ್ನಾಟಕವೋ ಎಂಬುದು 1973ರ ನವೆಂಬರ್‌ನ ಗೆರೆ ಎಳೆಯುತ್ತದೆ. ಆದರೆ ಹಳೆಯ ರಾಜ್ಯದ ಹೆಸರಿನ ಅಚ್ಚಾದ ನಮೂನೆಗಳನ್ನು ಮುಗಿಯುವ ತನಕ ಬಳಸುವುದು ಎಲ್ಲ ಕಚೇರಿಗಳ ಅಭ್ಯಾಸ. ಎರಡು ಗುರುತು ಕೂಡಿಬಂದಾಗ ಮಾತ್ರ ವರ್ಷ ಬರೆಯುವುದು ಕ್ಷೇಮ.

ಫೋಟೊದ ಕಾಗದವೂ ಮಾತಾಡುತ್ತದೆ. ಅಂಚಿನಲ್ಲಿ ಗರಿಗರಿಯಾಗಿ ಕತ್ತರಿಸಿದ ಚಿಕ್ಕ ಕಪ್ಪುಬಿಳುಪು ಪ್ರತಿಗಳು ಸಾಮಾನ್ಯವಾಗಿ ಐವತ್ತು, ಅರವತ್ತರ ದಶಕದವು. ದಪ್ಪ ರಟ್ಟಿಗೆ ಅಂಟಿಸಿ, ಕೆಳಗೆ ಸ್ಟುಡಿಯೋದ ಉಬ್ಬುಮುದ್ರೆ ಒತ್ತಿದವು ಅದಕ್ಕೂ ಹಿಂದಿನವಿರಬಹುದು. ಬಣ್ಣ ಮಾಸಿ ಕೆಂಪಡರಿದ ಕಲರ್ ಪ್ರಿಂಟುಗಳು ಎಪ್ಪತ್ತರ ಕೊನೆಯಿಂದ ತೊಂಬತ್ತರವರೆಗಿನವು. ಹಿನ್ನೆಲೆಯಲ್ಲಿ ರೈಲು ಇದ್ದರೆ ಹಳಿಯ ಅಗಲ ನೋಡಬೇಕು. ಈ ಮಾರ್ಗ ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆಕಾಶವಾಣಿಯ ಎತ್ತರದ ಪ್ರಸಾರ ಗೋಪುರ ಕಂಡರೆ 1965ರ ಆಸುಪಾಸಿನದು ಅಥವಾ ಈಚಿನದು. ಭದ್ರಾವತಿ ಆಕಾಶವಾಣಿ ಆ ವರ್ಷದ ಫೆಬ್ರವರಿಯಲ್ಲಿ ಶುರುವಾಯಿತು. ಮಲೆನಾಡಿನ ಎಷ್ಟೋ ಮನೆಗಳಿಗೆ ಈ ಊರು ಪರಿಚಯವಾದದ್ದು ಕಬ್ಬಿಣದಿಂದಲ್ಲ, ರೇಡಿಯೋದಿಂದ.

ಬಿಲ್ಲೆ, ಗಡಿಯಾರ, ಪೈಪಿನ ತುಂಡು

ಗೇಟಿನಲ್ಲಿ ಹಾಜರಿಗೆ ನಂಬರು ಕೊರೆದ ಲೋಹದ ಬಿಲ್ಲೆ ಕೊಡುವುದು ಆ ಕಾಲದ ದೊಡ್ಡ ಕಾರ್ಖಾನೆಗಳ ಪದ್ಧತಿ. ಟೋಕನ್ ಎಂದರೂ ಅದೇ. ಪಾಳಿಗೆ ಬಂದಾಗ ತೆಗೆದುಕೊಂಡು, ಹೋಗುವಾಗ ಹಲಗೆಗೆ ಸಿಕ್ಕಿಸುವುದು. ಅದರ ಮೇಲಿನ ನಂಬರನ್ನು ಹಾಜರಿ ಪುಸ್ತಕದ ಜೊತೆ ಹೊಂದಿಸಿದರೆ ಮನುಷ್ಯ ಸಿಗುತ್ತಾನೆ. ಹೊಂದಿಸದಿದ್ದರೆ ಅದು ಬರಿಯ ಹಿತ್ತಾಳೆ. ಈ ಕಾರಣಕ್ಕೆ ಬಿಲ್ಲೆ ಸಿಕ್ಕ ಮನೆಯಲ್ಲಿ ಭವಿಷ್ಯನಿಧಿಯ ಚೀಟಿ, ಆಸ್ಪತ್ರೆಯ ಪುಸ್ತಕ, ಕ್ವಾರ್ಟರ್ಸ್ ಹಂಚಿಕೆಯ ಆದೇಶ ಇವನ್ನೂ ಕೇಳಿ ನೋಡಬೇಕು. ಒಂದೇ ನಂಬರು ಎಲ್ಲದರಲ್ಲೂ ಮರುಕಳಿಸುತ್ತದೆ.

ಒಂದು ಎಚ್ಚರಿಕೆ. ಹಿತ್ತಾಳೆ ಸಾಮಾನು ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕುವುದು ನಮ್ಮ ಮನೆಗಳ ಸಂಸ್ಕಾರ. ದೇವರ ಸಾಮಾನಿಗೆ ಸರಿ, ಬಿಲ್ಲೆಗೆ ಬೇಡ. ಸವೆದ ನಂಬರು ಇನ್ನಷ್ಟು ಸವೆಯುತ್ತದೆ. ದೀರ್ಘ ಸೇವೆಗೆ ಕೊಟ್ಟ ಗಡಿಯಾರದ ಬೆನ್ನಿನ ಬರಹಕ್ಕೂ ಇದೇ ಮಾತು.

ಊರಿನ ಅತಿ ಭಾರದ ನೆನಪುಕಾಣಿಕೆ ಮನೆಯೊಳಗಿಲ್ಲ, ನೆಲದೊಳಗಿದೆ. ಭದ್ರಾವತಿಯ ಎರಕದ ಪೈಪುಗಳು ಎಷ್ಟೋ ಊರುಗಳ ನೀರು ಸರಬರಾಜಿಗೆ ಹೋದವು. ರಸ್ತೆ ಅಗೆದಾಗ ಹೊರಬೀಳುವ ಹಳೆಯ ಬೀಡುಕಬ್ಬಿಣದ ಕೊಳವೆಯ ಮೇಲೆ ಕಾರ್ಖಾನೆಯ ಅಚ್ಚು ಇದೆಯೇ ಎಂದು ನೋಡಬೇಕು. ಗುಜರಿಗೆ ಹೋಗುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೂ ಸಾಕು. ಆ ಕಾಲದ ಬೇರೆ ಯಾವ ದಾಖಲೆಯನ್ನೂ ಇಷ್ಟು ಗಟ್ಟಿಯಾಗಿ ಬರೆದಿಲ್ಲ.

ಸಾಲಾಗಿ ಕೂತವರು

ಮನೆಯ ಗೋಡೆಗಳಲ್ಲಿ ಉಳಿದಿರುವುದು ಮುಖ್ಯವಾಗಿ ಗ್ರೂಪ್ ಫೋಟೊ. ಆಯುಧಪೂಜೆಯ ದಿನ ವಿಭಾಗದವರೆಲ್ಲ ಸೇರಿ ತೆಗೆಸಿದ್ದು, ನಿವೃತ್ತಿಯ ದಿನ ಹಾರ ಹಾಕಿ ತೆಗೆಸಿದ್ದು, ನಾಟಕದ ತಂಡ, ಕ್ರಿಕೆಟ್ ತಂಡ. ಇವು ಒಂದೇ ನಮೂನೆಯಲ್ಲಿರುತ್ತವೆ ಎಂದು ಬದಿಗಿಡಬಾರದು. ಕುರ್ಚಿಯಲ್ಲಿ ಯಾರು, ಹಿಂದೆ ನಿಂತವರು ಯಾರು, ನೆಲದ ಮೇಲೆ ಕಾಲು ಮಡಿಸಿ ಕೂತವರು ಯಾರು ಎಂಬುದು ಆಡಳಿತದ ಮೆಟ್ಟಿಲನ್ನು ಆದೇಶಪತ್ರಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ಪೇಟ, ಮುಚ್ಚುಕೋಟು, ಕಚ್ಚೆಪಂಚೆ ಹೋಗಿ ಅಂಗಿ–ಪ್ಯಾಂಟು ಬಂದ ಬಗೆ, ಮೇಲಿನವರಲ್ಲಿ ಮೊದಲು, ಕೆಳಗಿನವರಲ್ಲಿ ಆಮೇಲೆ ಬಂದ ಬಗೆ, ಫೋಟೊಗಳನ್ನು ವರ್ಷಕ್ರಮದಲ್ಲಿ ಇಟ್ಟು ನೋಡಿದರೆ ಕಾಣುತ್ತದೆ. ಹೆಂಗಸರು ಕಾಣುವುದು ತೀರಾ ಈಚೆಗೆ, ಅದೂ ಆಸ್ಪತ್ರೆ, ಶಾಲೆ, ಟೈಪಿಂಗ್ ವಿಭಾಗದ ಗುಂಪುಗಳಲ್ಲಿ.

ಕಾರ್ಖಾನೆ ಊರಿಗೆ ಎಲ್ಲ ಕಡೆಯಿಂದ ಜನ ಬಂದರು. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಮಲಯಾಳ ಇಲ್ಲಿ ಬೀದಿಯ ಭಾಷೆಗಳು. ಆದ್ದರಿಂದ ಫೋಟೊದ ಹಿಂಬದಿಯ ಬರಹ ಯಾವ ಲಿಪಿಯಲ್ಲಾದರೂ ಇರಬಹುದು. ಕನ್ನಡ ಬಲ್ಲವರು ಮಾತ್ರ ಕೂತು ಪಟ್ಟಿ ಮಾಡಿದರೆ ‘ಹಿಂಬದಿಯಲ್ಲಿ ಬರಹ ಇದೆ, ಓದಲಾಗಲಿಲ್ಲ’ ಎಂಬ ಷರಾ ಬೆಳೆಯುತ್ತದೆ. ಜನ್ನಾಪುರದಲ್ಲೋ ಹೊಸಮನೆಯಲ್ಲೋ ಪಕ್ಕದ ಮನೆಯ ಅಜ್ಜಿಯನ್ನು ಕರೆದರೆ ಮುಗಿಯುವ ಕೆಲಸ ಅದು.

ನಾಟಕದ ಫೋಟೊಗಳಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಪಾಳಿ ಮುಗಿಸಿ ಬಣ್ಣ ಹಚ್ಚುತ್ತಿದ್ದ ಕಾರ್ಮಿಕರಲ್ಲಿ ಒಬ್ಬರು ಮುಂದೆ ಚಿತ್ರರಂಗಕ್ಕೆ ಹೋದ ದೊಡ್ಡಣ್ಣ. ಕ್ರಿಕೆಟಿನ ಕಡೆ ಜಿ.ಆರ್. ವಿಶ್ವನಾಥ್, ಅವರು 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲೇ. ಹೆಸರಾದವರ ಮುಖವನ್ನು ಗುಂಪಿನಲ್ಲಿ ಹುಡುಕಿ ವೃತ್ತ ಹಾಕುವುದು ನಮಗೆ ಖುಷಿ, ಸಹಜ. ಆದರೆ ವೃತ್ತವನ್ನು ಮೂಲ ಪ್ರತಿಯ ಮೇಲೆ ಪೆನ್ನಿನಲ್ಲಿ ಹಾಕಬಾರದು.

ಕಾಗದನಗರ

ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಇದು ಷೇರು ಮಾರಿ ಕಟ್ಟಿದ ಕಂಪನಿ. ಹಾಗಾಗಿ ಅದರ ನೆನಪಿನ ತುಣುಕುಗಳು ಭದ್ರಾವತಿಯ ಹೊರಗೂ ಸಿಗುತ್ತವೆ. ಅಜ್ಜನ ಕಾಲದ ಷೇರು ಪತ್ರ ಯಾವ ಊರಿನ ಪೆಟ್ಟಿಗೆಯಲ್ಲಿಯೂ ಇರಬಹುದು. ಮೊದಲಿಗೆ ಬಿದಿರೇ ಮುಖ್ಯ ಕಚ್ಚಾಮಾಲು. ಕಂಪನಿ 1977ರಲ್ಲಿ ಸರ್ಕಾರದ್ದಾಯಿತು, 1981ರಿಂದ ಪತ್ರಿಕೆಗಳ ಮುದ್ರಣ ಕಾಗದ ತಯಾರಿಸತೊಡಗಿತು, ಬಳಿಕ ಸಕ್ಕರೆ ಘಟಕವೂ ಸೇರಿತು. ಉತ್ಪಾದನೆ ನಿಂತದ್ದು 2015–16ರ ಹೊತ್ತಿಗೆ. ಎಂಬತ್ತು, ತೊಂಬತ್ತರ ದಶಕದ ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಸುದ್ದಿಯಷ್ಟೇ ಅಲ್ಲ, ಕಾಗದವೂ ಭದ್ರಾವತಿಯದಿರಬಹುದು. ಹಳೆ ಪೇಪರಿನ ಅಂಗಡಿಯವನಿಗೆ ಇದು ಗೊತ್ತಿಲ್ಲ, ಪಾಪ.

ಕಾಗದನಗರದ ಬಡಾವಣೆ, ಶಾಲೆ, ಕ್ಲಬ್ಬು ಎಲ್ಲ ಈ ಗಿರಣಿಯ ಸುತ್ತಲೇ ಬೆಳೆದವು. ಖಾಲಿಯಾದ ಕ್ವಾರ್ಟರ್ಸುಗಳ ಈಗಿನ ಫೋಟೊ ತೆಗೆಯುವವರು ಬಹಳ. ಮುರಿದ ಕಿಟಕಿ, ಬೆಳೆದ ಬಳ್ಳಿ, ಅಷ್ಟಕ್ಕೇ ನಿಲ್ಲುತ್ತಾರೆ. ಅದೇ ಮನೆಯ ಮುಂದೆ ಹೊಸ ಸ್ಕೂಟರಿನ ಪಕ್ಕ ನಿಂತ ಸಂಸಾರದ ಫೋಟೊ ಇದಕ್ಕಿಂತ ಹೆಚ್ಚು ಮಾಹಿತಿ ಕೊಡುತ್ತದೆ: ಮನೆ ನಂಬರು, ಬೇಲಿಯ ಬಗೆ, ಅಂಗಳದಲ್ಲಿ ಏನು ಬೆಳೆಯುತ್ತಿದ್ದರು, ಯಾವ ವರ್ಷ ಯಾರ ಕೈಯಲ್ಲಿ ಎಷ್ಟು ದುಡ್ಡಿತ್ತು.

ಹೊಳೆ ಮತ್ತು ಸೇತುವೆ

ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ ಕಟ್ಟುವ ಕೆಲಸ ನಲವತ್ತರ ದಶಕದ ಕೊನೆಯಲ್ಲಿ ಆರಂಭವಾಗಿ ಅರವತ್ತರ ದಶಕದಲ್ಲಿ ಮುಗಿಯಿತು. ಅದಕ್ಕೂ ಮುಂಚಿನ ಮಳೆಗಾಲದ ಚಿತ್ರಗಳಲ್ಲಿ ಹೊಳೆ ತನ್ನ ಇಷ್ಟದಂತೆ ಏರಿಳಿಯುತ್ತದೆ. ಆಮೇಲಿನವುಗಳಲ್ಲಿ ಗೇಟು ತೆರೆದ ದಿನ ಏರುತ್ತದೆ. ಜಲಾಶಯ ತುಂಬಿ ಹೆಚ್ಚು ನೀರು ಬಿಟ್ಟಾಗ ಭದ್ರಾವತಿಯಲ್ಲಿ ಮುಳುಗುವುದು ತಗ್ಗಿನಲ್ಲಿರುವ ಹೊಸ ಸೇತುವೆ. ಹಳೆಯದು ಮೇಲೇ ಇರುತ್ತದೆ. ಊರಿನವರಿಗೆ ಇದು ಪ್ರತಿ ನೆರೆಗೂ ಆಡಿಕೊಳ್ಳುವ ಮಾತು. ನೆರೆಯ ಫೋಟೊ ಸಿಕ್ಕರೆ ನೀರು ಮುಟ್ಟಿದ ಮಟ್ಟವನ್ನು ಇಂದಿಗೂ ನಿಂತಿರುವ ಯಾವುದಾದರೂ ಕಂಬ, ಮೆಟ್ಟಿಲು, ಗೋಡೆಗೆ ಹೋಲಿಸಿ ಬರೆದಿಡಬೇಕು. ತಗ್ಗಿನ ಬಡಾವಣೆಗಳಿಗೆ ಅದು ಉಪಯೋಗಕ್ಕೆ ಬರುವ ಲೆಕ್ಕ.

ಹೊಳೆಯಿಂದ ನೀರೆತ್ತಿದ ಕಾರ್ಖಾನೆಗಳು ಹೊಳೆಗೆ ಏನು ಬಿಟ್ಟವು ಎಂಬುದರ ಫೋಟೊ ಕಾರ್ಖಾನೆಯ ಆಲ್ಬಮ್ಮಿನಲ್ಲಿ ಸಿಗಲಾರದು. ಅದಕ್ಕೆ ಕೆಳಗಿನ ಹಳ್ಳಿಗಳವರನ್ನು ಕೇಳಬೇಕು. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರುವ ತನಕ ಇರುವ ದಂಡೆಯ ಊರುಗಳು, ಬಟ್ಟೆ ಒಗೆಯುವ ಕಲ್ಲುಗಳು, ಮೀನು ಹಿಡಿಯುವವರ ನೆನಪು, ಇವು ಈ ಚರಿತ್ರೆಯ ಇನ್ನೊಂದು ದಂಡೆ.

ಕಾಪಿಡುವ ಬಗೆ

ಮಲೆನಾಡಿನ ಅಂಚಿನ ಊರಿನಲ್ಲಿ ಫೋಟೊದ ದೊಡ್ಡ ಶತ್ರು ಬೂಷ್ಟು. ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಗೆ ಚೌಕಟ್ಟು ನೇತುಹಾಕಬಾರದು. ಗಾಜಿಗೆ ಫೋಟೊ ಅಂಟಿಕೊಂಡಿದ್ದರೆ ಎಳೆದು ಕೀಳದೆ, ಗಾಜಿನ ಸಮೇತ ಪ್ರತಿ ತೆಗೆಸಬೇಕು. ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್‌ಗಳು ಫೋಟೊವನ್ನು ಹಳದಿಗಟ್ಟಿಸುತ್ತವೆ. ಲ್ಯಾಮಿನೇಷನ್ ಮಾಡಿಸಿದ್ದನ್ನು ಮತ್ತೆ ಬಿಡಿಸಲು ಬಾರದು. ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿಗೆ, ಒತ್ತದೆ: ಎಡದಿಂದ ಬಲಕ್ಕೆ ಹೆಸರು, ವಿಭಾಗ, ಸಂದರ್ಭ, ಹೇಳಿದವರು ಯಾರು. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಇಬ್ಬರು ಹಿರಿಯರು ಒಂದೇ ಮುಖಕ್ಕೆ ಎರಡು ಹೆಸರು ಹೇಳಿದಾಗ ಅದರ ಬೆಲೆ ತಿಳಿಯುತ್ತದೆ. ಸ್ಕ್ಯಾನ್ ಮಾಡಿಸುವಾಗ ಹಿಂಬದಿಯನ್ನೂ ಮಾಡಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಪ್ರತಿ ಕುಗ್ಗಿರುತ್ತದೆ. ಅದನ್ನು ಮೂಲ ಎಂದು ಇಟ್ಟುಕೊಳ್ಳುವಂತಿಲ್ಲ.

ಫೋಟೊದಲ್ಲಿ ಇಲ್ಲದವರು

ಕಾಡಿನಲ್ಲಿ ಮರ ಕಡಿದವರು, ಬೆಟ್ಟದಲ್ಲಿ ಅದಿರು ಒಡೆದವರು, ಕಿಟ್ಟ ಹೊತ್ತವರು, ಗುತ್ತಿಗೆದಾರರ ಕೈಕೆಳಗೆ ದಿನಗೂಲಿಗೆ ದುಡಿದ ಹೆಂಗಸರು ಇವರಿಗೆ ಕಾರ್ಖಾನೆಯ ಹೆಸರಿನ ಬಿಲ್ಲೆಯೂ ಇಲ್ಲ, ಬೀಳ್ಕೊಡುಗೆಯ ಫೋಟೊವೂ ಇಲ್ಲ. 1942ರ ಚಳವಳಿಯಲ್ಲಿ ಕೆಲಸ ನಿಲ್ಲಿಸಿ ಹೊರಬಂದ ಕಾರ್ಮಿಕರನ್ನು ಕೂರಿಸಿ ಫೋಟೊ ತೆಗೆಯುವವರೂ ಇರಲಿಲ್ಲ. ಅವರ ಮಟ್ಟಿಗೆ ಕಾಗದವೇ ದಿಕ್ಕು: ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳು, ಹಯವದನರಾಯರು ಸಂಪಾದಿಸಿದ ಮೈಸೂರು ಗೆಜೆಟಿಯರ್, ಅರಣ್ಯ ಇಲಾಖೆಯ ಕೂಪುಗಳ ಲೆಕ್ಕ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿರುವ ಸಂಸ್ಥಾನ ಕಾಲದ ಕಡತಗಳು. ಅಲ್ಲಿಯೂ ಅವರು ಹೆಸರಾಗಿ ಸಿಗುವುದು ಅಪರೂಪ, ಸಂಖ್ಯೆಯಾಗಿ ಸಿಗುತ್ತಾರೆ. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಈಗಲೂ ಪರಿಸ್ಥಿತಿ ಹೆಚ್ಚು ಬದಲಾಗಿಲ್ಲ. ಕಾರ್ಖಾನೆ ಉಳಿಸಿ ಎಂದು 2023ರಲ್ಲಿ ಗೇಟಿನ ಮುಂದೆ ಧರಣಿ ಕೂತವರಲ್ಲಿ ಹೆಚ್ಚಿನವರು ಅವರೇ. ಆ ಧರಣಿಯ ಚಿತ್ರಗಳು ನೂರಾರು ಮೊಬೈಲುಗಳಲ್ಲಿವೆ, ಹೆಸರು ಹೇಳಬಲ್ಲವರೂ ಊರಿನಲ್ಲೇ ಇದ್ದಾರೆ.